ಕಂಪನಿ ಮಾರಿದರು, ಜೊತೆಗೆ ನಮ್ಮನ್ನೂ

98450 ಅಂದರೆ ಏರ್‌ಟೆಲ್, 98440 ಅಂದರೆ ಸ್ಪೈಸ್, 98860 ಅಂದರೆ ಹಚ್, 94480 ಅಂದರೆ ಬಿಎಸ್ಸೆನ್ನೆಲ್. ಇಪ್ಪತ್ತು ವರ್ಷದ ಹಿಂದೆ ಕರ್ನಾಟಕದಲ್ಲಿ ಮೊಬೈಲ್ ಇಟ್ಟುಕೊಂಡವರಿಗೆ ಇದು ಬಾಯಿಪಾಠ. ವಿಸಿಟಿಂಗ್ ಕಾರ್ಡಿನಲ್ಲಿ 98450 ಕಂಡರೆ ಹಳೇ ಕುಳ ಎಂದು ಲೆಕ್ಕ. ಒಳಬರುವ ಕರೆಗೂ ದುಡ್ಡು ಕೊಡಬೇಕಿದ್ದ ಕಾಲದಿಂದ ಫೋನಿಟ್ಟ ಮನುಷ್ಯ ಅಂತ. ಆದರೆ ಆ 98450 ಕೂಡ ಹುಟ್ಟಿದ್ದು ಏರ್‌ಟೆಲ್ ಮನೆಯಲ್ಲಲ್ಲ. ಜೆಟಿ ಮೊಬೈಲ್ ಎಂಬ ಕಂಪನಿ ಕರ್ನಾಟಕ ಮತ್ತು ಆಂಧ್ರದಲ್ಲಿ ಸೇವೆ ನಡೆಸುತ್ತಿತ್ತು. 1999ರಲ್ಲಿ ಸುನಿಲ್ ಮಿತ್ತಲ್ ಅವರ ಭಾರ್ತಿ ಅದನ್ನು ಕೊಂಡಿತು. ಇವತ್ತು ಅದರ ಹೆಸರು ನೆನಪಿರುವವರು ಕಡಿಮೆ.

98440ರ ಜಾತಕ ಇನ್ನೂ ಸ್ವಾರಸ್ಯದ್ದು. ಬಿ.ಕೆ. ಮೋದಿ ಅವರ ಸ್ಪೈಸ್ ಟೆಲಿಕಾಂಗೆ ಇದ್ದದ್ದು ಎರಡೇ ಸರ್ಕಲ್, ಕರ್ನಾಟಕ ಮತ್ತು ಪಂಜಾಬ್. 2008ರ ಜೂನ್‌ನಲ್ಲಿ ಆದಿತ್ಯ ಬಿರ್ಲಾ ಗುಂಪಿನ ಐಡಿಯಾ, ಮೋದಿಯವರ ಶೇ 40.8ರಷ್ಟು ಪಾಲನ್ನು ಸುಮಾರು 2,700 ಕೋಟಿ ರೂಪಾಯಿಗೆ ಕೊಂಡಿತು. 2018ರ ಆಗಸ್ಟ್ 31ರಂದು ಐಡಿಯಾ ಹೋಗಿ ವೊಡಾಫೋನ್ ಐಡಿಯಾ ಆಯಿತು. 2020ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ವಿ ಎಂದು ಹೆಸರು ಬದಲಿಸಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಕಂಪನಿಯ ಬಾಕಿಯನ್ನು ಷೇರುಗಳಾಗಿ ಪರಿವರ್ತಿಸಿಕೊಂಡ ಭಾರತ ಸರ್ಕಾರದ ಪಾಲು ಶೇ 48.99ಕ್ಕೆ ಏರಿತು. ನಡುವೆ ಯಾವ ಕಂಪನಿಗೂ ಪೋರ್ಟ್ ಹೊಡೆಸದೆ, ಅದೇ ನಂಬರಿನಲ್ಲಿ ಅದೇ ಊರಿನಲ್ಲಿ ಕುಳಿತಿದ್ದ ಒಬ್ಬ ಮನುಷ್ಯ ಮೋದಿ, ಬಿರ್ಲಾ, ಲಂಡನ್ನಿನ ವೊಡಾಫೋನ್, ಕೊನೆಗೆ ದೆಹಲಿ ಸರ್ಕಾರ, ಇಷ್ಟೂ ಜನರ ಆಸ್ತಿಪಟ್ಟಿಯಲ್ಲಿ ಒಂದು ಸಾಲಾಗಿ ಬಂದುಹೋದ. ಒಂದು ಸಲವಾದರೂ ಅವನ ಒಪ್ಪಿಗೆ ಕೇಳಿದವರಿಲ್ಲ. ಕೇಳಬೇಕೆಂದು ಕಾನೂನೂ ಹೇಳುವುದಿಲ್ಲ.

ಟೆಲಿಕಾಂ ಕಂಪನಿಯೊಂದನ್ನು ಇನ್ನೊಂದು ನುಂಗಲು ಹೊರಟ ಸುದ್ದಿ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಅವೇ. ನಂಬರ್ ಉಳಿಯುತ್ತದಾ? ಸಿಮ್ ಬದಲಿಸಬೇಕಾ? ಮೊನ್ನೆ ಹಾಕಿಸಿದ ಕರೆನ್ಸಿ ಗತಿಯೇನು? ಈ ಮೂರಕ್ಕೂ ಉತ್ತರ ಸಾಮಾನ್ಯವಾಗಿ ನೆಮ್ಮದಿಯದ್ದೇ. ನಂಬರ್ ಉಳಿಯುತ್ತದೆ, ಸಿಮ್ ಓಡುತ್ತದೆ, ಹಾಕಿಸಿದ ಪ್ಯಾಕ್ ಅವಧಿ ಮುಗಿಯುವವರೆಗೆ ನಡೆಯುತ್ತದೆ. ಸೇರಿಕೊಂಡ ಪ್ಲಾನನ್ನು ಆರು ತಿಂಗಳವರೆಗೆ ಗ್ರಾಹಕನಿಗೆ ನಷ್ಟವಾಗುವಂತೆ ಬದಲಿಸಬಾರದೆಂಬ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮವೂ ಇದೆ. ಸ್ವಾಧೀನದ ಮರುದಿನ ಬೆಳಿಗ್ಗೆ ಬದಲಾಗುವುದು ಫೋನಿನ ನೆತ್ತಿಯ ಮೇಲಿನ ಹೆಸರು ಮತ್ತು ಅಂಗಡಿ ಗೋಡೆಯ ಬಣ್ಣ. ನಿಜವಾದ ಲೆಕ್ಕ ಚುಕ್ತಾ ಆಗುವುದು ಎರಡು ಮೂರು ವರ್ಷದ ನಂತರ. ಅಷ್ಟರಲ್ಲಿ ಜನರಿಗೆ ಸ್ವಾಧೀನದ ಸುದ್ದಿ ಮರೆತಿರುತ್ತದೆ. ಬಿಲ್ಲು ಏರಿದ್ದಕ್ಕೂ ಆ ಹಳೇ ಸುದ್ದಿಗೂ ಇರುವ ನಂಟು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಣ್ಣ ಬದಲಿಸುವುದರಲ್ಲಿ ಈ ಕಂಪನಿಗಳಷ್ಟು ನಿಪುಣರು ಬೇರಿಲ್ಲ ಎಂಬುದನ್ನೂ ಒಪ್ಪಬೇಕು. ಹಚ್‌ನ ಪಗ್ ನಾಯಿಯನ್ನು ಯಾರು ಮರೆತಾರು? ಜಾಹೀರಾತು ಮಂದಿ ಹುಟ್ಟಿಸಿದ ಆ ಮರಿ, ಹುಡುಗನ ಹಿಂದೆ ಹೋದಲ್ಲೆಲ್ಲ ಹೋಗುತ್ತಿತ್ತು. 2007ರಲ್ಲಿ ವೊಡಾಫೋನ್ ಸುಮಾರು 1,100 ಕೋಟಿ ಡಾಲರ್ ಕೊಟ್ಟು ಹಚಿಸನ್ ಎಸ್ಸಾರ್‌ನ ಶೇ 67ರಷ್ಟು ಪಾಲು ಕೊಂಡಾಗ, ಆ ನಾಯಿಮರಿಯನ್ನು ಹೊಸ ಗೂಡಿಗೆ ಕಳಿಸಿ ಗ್ರಾಹಕರಿಗೆ ವಿಷಯ ತಿಳಿಸಿದರು. ತೆರೆಯ ಹಿಂದೆ ಅದೇ ವ್ಯವಹಾರದ ಮೇಲೆ ಸುಮಾರು 11,000 ಕೋಟಿ ರೂಪಾಯಿಯ ತೆರಿಗೆ ಜಗಳ ಹೊತ್ತಿಕೊಂಡು, 2012ರಲ್ಲಿ ಸುಪ್ರೀಂ ಕೋರ್ಟ್ ವೊಡಾಫೋನ್ ಪರ ತೀರ್ಪು ಕೊಟ್ಟು, ಸರ್ಕಾರ ಪೂರ್ವಾನ್ವಯ ಕಾನೂನು ತಂದು, 2020ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿಯಲ್ಲಿ ಸೋತು, 2021ರಲ್ಲಿ ಆ ಕಾನೂನನ್ನೇ ಹಿಂತೆಗೆದುಕೊಂಡಿತು. ಹದಿನಾಲ್ಕು ವರ್ಷ ನಡೆದ ಈ ಮಹಾಭಾರತದಲ್ಲಿ 98860 ಗ್ರಾಹಕನಿಗೆ ಕಂಡದ್ದು ನಾಯಿ ಮನೆ ಬದಲಿಸಿದ್ದು ಮಾತ್ರ.

ಹಾಗೆಂದು ಸ್ವಾಧೀನವೆಲ್ಲ ಮೋಸ ಎನ್ನುವಂತಿಲ್ಲ. ಕೊಳ್ಳುವ ಕಂಪನಿ ಹೇಳುವ ಮುಖ್ಯ ಮಾತಿನಲ್ಲಿ ಹುರುಳಿದೆ. ಮೊಬೈಲ್ ಸೇವೆಯ ಕಚ್ಚಾವಸ್ತು ತರಂಗಗುಚ್ಛ, ಅಂದರೆ ಸ್ಪೆಕ್ಟ್ರಂ. ಅದನ್ನು ಕಂಪನಿಗಳು ಸರ್ಕಾರದಿಂದ ಹರಾಜಿನಲ್ಲಿ ಕೊಳ್ಳಬೇಕು. ಎರಡು ಕಂಪನಿಗಳ ಹತ್ತಿರ ತುಂಡು ತುಂಡಾಗಿ ಇದ್ದ ಸ್ಪೆಕ್ಟ್ರಂ ಒಂದೇ ಕೈಗೆ ಬಂದು ಅಕ್ಕಪಕ್ಕ ಕೂಡಿಕೊಂಡರೆ ಡೇಟಾ ಓಡುವ ದಾರಿ ಅಗಲವಾಗುತ್ತದೆ, ವೇಗ ಹೆಚ್ಚುತ್ತದೆ. ಒಬ್ಬನ ಟವರ್ ಇಲ್ಲದ ಕಡೆ ಇನ್ನೊಬ್ಬನದು ಸಿಗುತ್ತದೆ. ವೊಡಾಫೋನ್–ಐಡಿಯಾ ಒಂದಾದ ಮೇಲೆ ಇದು ಕಣ್ಣಿಗೆ ಕಂಡಿತು. ವೊಡಾಫೋನ್ ಸಿಮ್ ಹಾಕಿದ ಫೋನು ಊರು ದಾಟಿ ಘಾಟಿ ಇಳಿಯುವಾಗ ಐಡಿಯಾ ಟವರನ್ನು ಹಿಡಿದುಕೊಳ್ಳುತ್ತಿತ್ತು, ಅದಕ್ಕೆ ರೋಮಿಂಗ್ ಶುಲ್ಕವೂ ಇರಲಿಲ್ಲ.

ಆದರೆ ಈ ಕೂಡಿಕೆಗೆ ಇನ್ನೊಂದು ಮಗ್ಗುಲಿದೆ. ಒಂದೇ ಗುಡ್ಡದ ಮೇಲೆ ಇಬ್ಬರ ಉಪಕರಣವೂ ಇದ್ದರೆ, ವಿಲೀನದ ನಂತರ ಒಂದನ್ನು ಕಳಚುತ್ತಾರೆ. ಬಾಡಿಗೆ, ಡೀಸೆಲ್, ಕರೆಂಟು ಉಳಿಸುವುದೇ ವಿಲೀನದ ಅರ್ಧ ಉದ್ದೇಶ. ಕಾಗದದ ಮೇಲೆ ‘ದ್ವಿಗುಣ’ವಾದ ಜಾಲ ನೆಲದ ಮೇಲೆ ದ್ವಿಗುಣವಾಗುವುದಿಲ್ಲ. ಕಳಚುವ ಕೆಲಸ ನಡೆಯುವ ತಿಂಗಳುಗಳಲ್ಲಿ ಒಳ್ಳೆಯ ರೇಂಜ್ ಇದ್ದ ಅಡುಗೆಮನೆಯಲ್ಲಿ ಥಟ್ಟನೆ ರೇಂಜ್ ಮಾಯವಾಗುತ್ತದೆ. ಕಾಲ್ ಸೆಂಟರಿಗೆ ಫೋನ್ ಮಾಡಿದರೆ ಜಾಲವನ್ನು ಮೇಲ್ದರ್ಜೆಗೇರಿಸುತ್ತಿದ್ದೇವೆ ಎಂಬ ಉತ್ತರ. ಆ ಉತ್ತರ ಸುಳ್ಳಲ್ಲ, ಆದರೆ ಅಡುಗೆಮನೆಗೆ ರೇಂಜ್ ತರುವುದಿಲ್ಲ.

ವೊಡಾಫೋನ್ ಐಡಿಯಾ ಹುಟ್ಟಿದ ದಿನ ಅದು ದೇಶದ ಅತಿದೊಡ್ಡ ಮೊಬೈಲ್ ಕಂಪನಿ, ಗ್ರಾಹಕರು 40 ಕೋಟಿಗೂ ಹೆಚ್ಚು. ಒಪ್ಪಿಗೆ ಪಡೆಯುವುದಕ್ಕೇ 7,200 ಕೋಟಿ ರೂಪಾಯಿಗೂ ಹೆಚ್ಚಿನ ಹಣ ಮತ್ತು ಬ್ಯಾಂಕ್ ಖಾತರಿಯನ್ನು ದೂರಸಂಪರ್ಕ ಇಲಾಖೆಗೆ ಕೊಟ್ಟು ಬಂದಿತ್ತು. 2019ರ ಅಕ್ಟೋಬರ್‌ನಲ್ಲಿ ಪರವಾನಗಿ ಶುಲ್ಕದ ಲೆಕ್ಕದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದರ ಮೇಲೆ ಬಂಡೆಯಂತೆ ಬಿತ್ತು. ಹುಟ್ಟಿ ಏಳು ವರ್ಷವಾಗುವಷ್ಟರಲ್ಲಿ ಗ್ರಾಹಕರ ಸಂಖ್ಯೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಎರಡು ದೊಡ್ಡವು ಸೇರಿದರೆ ಇನ್ನೂ ದೊಡ್ಡದಾಗುತ್ತದೆ ಎಂಬ ಕೂಡುವ ಲೆಕ್ಕ ಇಲ್ಲಿ ಸುಳ್ಳಾಯಿತು. ಸಾಲಕ್ಕೆ ಸಾಲ ಕೂಡಿತು, ಗ್ರಾಹಕರು ಕಳೆದುಹೋದರು.

ನಿಜಕ್ಕೂ ಗ್ರಾಹಕ ಬೀದಿಗೆ ಬೀಳುವುದು ಸ್ವಾಧೀನ ನಡೆದಾಗಲ್ಲ, ನಡೆಯದೆ ಮುರಿದುಬಿದ್ದಾಗ. ಏರ್‌ಸೆಲ್ ಕಥೆ ನೋಡಿ. 2016ರ ಸೆಪ್ಟೆಂಬರ್‌ನಲ್ಲಿ ಅನಿಲ್ ಅಂಬಾನಿಯವರ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಅದರ ವಿಲೀನ ಘೋಷಣೆಯಾಯಿತು. ಅದೇ ತಿಂಗಳು ಅಣ್ಣನ ಜಿಯೋ ಮಾರುಕಟ್ಟೆಗೆ ಇಳಿದು ಕರೆ, ಡೇಟಾ ಎಲ್ಲವನ್ನೂ ಪುಕ್ಕಟೆ ಹಂಚತೊಡಗಿತು. ವರ್ಷಕ್ಕೂ ಹೆಚ್ಚಿನ ಎಳೆದಾಟದ ನಂತರ, 2017ರ ಅಕ್ಟೋಬರ್‌ನಲ್ಲಿ ವಿಲೀನ ಮುರಿದುಬಿತ್ತು. ರಿಲಯನ್ಸ್ ಕಮ್ಯುನಿಕೇಷನ್ಸ್ ವರ್ಷಾಂತ್ಯಕ್ಕೆ ಮೊಬೈಲ್ ಕರೆ ಸೇವೆಯನ್ನೇ ನಿಲ್ಲಿಸಿತು. ಏರ್‌ಸೆಲ್ 2018ರ ಫೆಬ್ರುವರಿ ಕೊನೆಗೆ ದಿವಾಳಿ ಅರ್ಜಿ ಹಾಕಿತು.

ಆ ಫೆಬ್ರುವರಿಯಲ್ಲಿ ದಕ್ಷಿಣದಲ್ಲಿ, ಅದರಲ್ಲೂ ಏರ್‌ಸೆಲ್‌ನ ತವರಾದ ತಮಿಳುನಾಡಿನಲ್ಲಿ ಆದದ್ದು ಗ್ರಾಹಕರ ಪಾಲಿನ ನಿಜವಾದ ಸಂಕಟ. ಟವರುಗಳು ಒಂದೊಂದಾಗಿ ಮೌನವಾದವು. ಬೇರೆ ಕಂಪನಿಗೆ ಹೋಗೋಣವೆಂದರೆ ನಿಯಮ ಹೀಗಿದೆ: ಪೋರ್ಟ್ ಎಂದು ಬರೆದು ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು. ತಿರುಗಿ ಎಂಟು ಅಕ್ಷರ–ಅಂಕಿಗಳ ಯುಪಿಸಿ ಎಂಬ ಪೋರ್ಟ್ ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯವರಿಗೆ ಕೊಡಬೇಕು. ಎಸ್ಸೆಮ್ಮೆಸ್ ಹೋಗಲು ನೆಟ್‌ವರ್ಕೇ ಇಲ್ಲದಿದ್ದರೆ? ಜನ ಕಂಪನಿಯ ಮಳಿಗೆಗಳ ಮುಂದೆ ಜಮಾಯಿಸಿದರು. ಬ್ಯಾಂಕು, ಗ್ಯಾಸು, ಆಧಾರ್, ಎಲ್ಲದರ ಒಟಿಪಿ ಬರುವುದು ಆ ನಂಬರಿಗೇ. ನಂಬರ್ ಸತ್ತರೆ ಮನುಷ್ಯ ಅರ್ಧ ಸತ್ತಂತೆ. ಪರವಾನಗಿಯ ಷರತ್ತಿನ ಪ್ರಕಾರ ಸೇವೆ ನಿಲ್ಲಿಸುವ ಕಂಪನಿ ಸರ್ಕಾರಕ್ಕೆ 60 ದಿನ, ಗ್ರಾಹಕರಿಗೆ 30 ದಿನ ಮೊದಲು ತಿಳಿಸಬೇಕು. ಸಾಯುತ್ತಿರುವ ಕಂಪನಿ ನೋಟಿಸು ಕೊಟ್ಟು ಸಾಯುತ್ತದೆ ಎಂದು ನಂಬಿ ಬರೆದ ಷರತ್ತು ಅದು. ಟವರ್ ಕಂಪನಿಗೆ ಬಾಡಿಗೆ ಬಾಕಿಯಾದರೆ ಅವರು 30 ದಿನ ಕಾಯುವುದಿಲ್ಲ.

ಇದಕ್ಕೆ ಹೋಲಿಸಿದರೆ ಟಾಟಾ ಡೊಕೊಮೊ ಗ್ರಾಹಕರು ಪುಣ್ಯವಂತರು. 2017ರಲ್ಲಿ ಟಾಟಾ ತನ್ನ 4 ಕೋಟಿಯಷ್ಟು ಮೊಬೈಲ್ ಗ್ರಾಹಕರನ್ನು ಏರ್‌ಟೆಲ್‌ಗೆ ವಹಿಸಲು ಒಪ್ಪಿದಾಗ, ಕೈಗೆ ಕೈ ನಗದು ಅಂತ ಏನೂ ಕೊಡುವುದಿರಲಿಲ್ಲ. ಅದಕ್ಕೂ ಹತ್ತು ವರ್ಷದ ಹಿಂದೆ ಇದೇ ದೇಶದಲ್ಲಿ ಮೊಬೈಲ್ ಗ್ರಾಹಕರಿಗಾಗಿ ಶತಕೋಟಿ ಡಾಲರುಗಳು ಸುರಿದಿದ್ದವು. 2017ರ ಹೊತ್ತಿಗೆ ಬಿಟ್ಟಿ ಕೊಟ್ಟರೂ ತೆಗೆದುಕೊಳ್ಳುವವರು ಯೋಚಿಸಬೇಕಾದ ಸ್ಥಿತಿ. ಆದರೂ ಸೇವೆ ನಿಲ್ಲಲಿಲ್ಲ, ನಂಬರ್ ಸಾಯಲಿಲ್ಲ.

ಆದರೆ ಡೊಕೊಮೊ ಜೊತೆ ಕಳೆದುಹೋದದ್ದು ಬೇರೆಯೇ. ಹೊಸಬನಾಗಿ 2009ರಲ್ಲಿ ಬಂದ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಅದಕ್ಕೆ ಮೊದಲು ಎರಡು ಸೆಕೆಂಡ್ ಮಾತಾಡಿ ಇಟ್ಟರೂ ಪೂರ್ತಿ ನಿಮಿಷದ ದುಡ್ಡು ಕತ್ತರಿಸುತ್ತಿದ್ದರು. ‘ಅದು ಸಾಧ್ಯವಿಲ್ಲ’ ಎನ್ನುತ್ತಿದ್ದ ದೊಡ್ಡವರೆಲ್ಲ ತಿಂಗಳುಗಳಲ್ಲೇ ಅದನ್ನೇ ಮಾಡಿದರು. ಆ ಹೊತ್ತಿಗೆ ಕರ್ನಾಟಕದಲ್ಲಿ ಏರ್‌ಟೆಲ್, ವೊಡಾಫೋನ್, ಸ್ಪೈಸ್ ಕೊಂಡಿದ್ದ ಐಡಿಯಾ, ಬಿಎಸ್ಸೆನ್ನೆಲ್, ರಿಲಯನ್ಸ್, ಟಾಟಾ, ಏರ್‌ಸೆಲ್, ಎಂಟಿಎಸ್, ಯುನಿನಾರ್ ಎಂದು ಬೆರಳು ಮಡಚುತ್ತಾ ಹೋಗಬಹುದಿತ್ತು. 2011ರ ಜನವರಿಯಲ್ಲಿ ದೇಶವ್ಯಾಪಿ ನಂಬರ್ ಪೋರ್ಟ್ ಸೌಲಭ್ಯ ಬಂತು. ಪೋರ್ಟ್ ಕೋರಿಕೆಗಳಲ್ಲಿ ದಕ್ಷಿಣ–ಪೂರ್ವ ವಲಯಕ್ಕೆಲ್ಲ ಕರ್ನಾಟಕವೇ ವರ್ಷಗಟ್ಟಲೆ ಮುಂದಿತ್ತು. ಹೋಗಲು ಜಾಗವಿತ್ತು, ಹೋದರು. ಪೋರ್ಟ್ ಹಕ್ಕಿಗೆ ಬೆಲೆ ಬರುವುದು ಬೇರೆ ಬಾಗಿಲುಗಳು ತೆರೆದಿದ್ದಾಗ. ಅಂಗಡಿಗಳೇ ಇಬ್ಬರೋ ಮೂವರದೋ ಆದ ಮೇಲೆ ಪೋರ್ಟ್ ಎಂದರೆ ಇದೇ ದರಕ್ಕೆ ಪಕ್ಕದ ಕುರ್ಚಿಗೆ ಸರಿಯುವುದು.

ಈ ಮಾತನ್ನು ಅಮೆರಿಕದಲ್ಲಿ ಒಂದು ಮೊಕದ್ದಮೆಯೇ ಸಾಬೀತು ಮಾಡಿತು. 2011ರ ಮಾರ್ಚ್‌ನಲ್ಲಿ ಎಟಿ ಅಂಡ್ ಟಿ, ನಾಲ್ಕನೇ ಸ್ಥಾನದಲ್ಲಿದ್ದ ಟಿ–ಮೊಬೈಲ್ ಅನ್ನು 3,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಆಗ ಟಿ–ಮೊಬೈಲ್‌ಗೆ 3.3 ಕೋಟಿ ಗ್ರಾಹಕರು. ತಲೆಗೆ ಸಾವಿರ ಡಾಲರ್ ಮೀರಿದ ಬೆಲೆ. ಈ ಖರೀದಿ ಆಗದಿದ್ದರೆ ದೇಶದ ಶೇ 97 ಜನರಿಗೆ 4ಜಿ ಮುಟ್ಟಿಸಲು ಆಗದು ಎಂಬುದು ಎಟಿ ಅಂಡ್ ಟಿ ವಾದ. ಆಗಸ್ಟ್‌ನಲ್ಲಿ ಅದರ ವಕೀಲರು ದೂರಸಂಪರ್ಕ ಆಯೋಗಕ್ಕೆ ಕೊಟ್ಟ ಪತ್ರವೊಂದು, ಗೋಪ್ಯ ಅಂಕಿಗಳನ್ನು ಮುಚ್ಚದೆಯೇ ಸಾರ್ವಜನಿಕ ಜಾಲತಾಣಕ್ಕೆ ಬಂದುಬಿಟ್ಟಿತು. ಶೇ 80ರಿಂದ ಶೇ 97ಕ್ಕೆ ಹೋಗಲು ತಗಲುವ ಖರ್ಚು 380 ಕೋಟಿ ಡಾಲರ್ ಎಂದು ಅದರಲ್ಲಿತ್ತು. ಖರೀದಿ ಬೆಲೆಯ ಹತ್ತರಲ್ಲೊಂದು ಪಾಲು! ಪತ್ರವನ್ನು ತಕ್ಷಣ ತೆಗೆದರೂ ಓದುವವರು ಓದಿಯಾಗಿತ್ತು. ತಿಂಗಳ ಕೊನೆಗೆ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು. ಟಿ–ಮೊಬೈಲ್ ಅಗ್ಗದ ದರದಿಂದ ಉಳಿದವರನ್ನು ಕೆಣಕುವ ಕಂಪನಿ, ಅದು ಮಾಯವಾದರೆ ಕೆಣಕುವವರಿರುವುದಿಲ್ಲ ಎಂಬುದು ಸರ್ಕಾರದ ವಾದ. ಡಿಸೆಂಬರ್‌ನಲ್ಲಿ ಎಟಿ ಅಂಡ್ ಟಿ ಕೈಚೆಲ್ಲಿತು. ಒಪ್ಪಂದ ಮುರಿದ ತಪ್ಪಿಗೆ 300 ಕೋಟಿ ಡಾಲರ್ ನಗದು, ಮೇಲೆ ಸ್ಪೆಕ್ಟ್ರಂ ಕೊಟ್ಟು ಬಂತು.

ಮದುವೆ ಮುರಿದ ಹೆಣ್ಣಿನ ಕಡೆಯವರಿಗೆ ಇಷ್ಟು ದೊಡ್ಡ ಉಡುಗೊರೆ ಸಿಕ್ಕ ಉದಾಹರಣೆ ವಾಣಿಜ್ಯದಲ್ಲಿ ಅಪರೂಪ. ಆ ಹಣ, ಆ ಸ್ಪೆಕ್ಟ್ರಂ ಇಟ್ಟುಕೊಂಡು 2013ರಲ್ಲಿ ಟಿ–ಮೊಬೈಲ್ ಎರಡು ವರ್ಷದ ಕಡ್ಡಾಯ ಕರಾರನ್ನೇ ಎತ್ತಿಹಾಕಿತು. ಅಮೆರಿಕದ ಗ್ರಾಹಕರನ್ನು ಕಟ್ಟಿಹಾಕಿದ್ದ ಹಗ್ಗ ಅದೇ ಆಗಿತ್ತು. ಎಟಿ ಅಂಡ್ ಟಿ, ವೆರಿಜಾನ್ ಕೂಡ ಕಾಲಕ್ರಮೇಣ ಅದೇ ದಾರಿ ಹಿಡಿಯಬೇಕಾಯಿತು. 2018ರ ಕೊನೆಗೆ ಟಿ–ಮೊಬೈಲ್ ಗ್ರಾಹಕರು 8 ಕೋಟಿ ಸಮೀಪಿಸಿದ್ದರು. ಮುಳುಗದ ಕಂಪನಿಯ ಸ್ವಾಧೀನ ತಪ್ಪಿದಾಗ ಗ್ರಾಹಕರಿಗೆ ಲಾಭವಾದ ಇಷ್ಟು ಸ್ಪಷ್ಟ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಏರ್‌ಸೆಲ್ ಮುಳುಗುತ್ತಿತ್ತು, ಅದಕ್ಕೇ ಅಲ್ಲಿ ಫಲ ತಿರುಗುಮುರುಗಾಯಿತು.

ಕಥೆಯ ಎರಡನೇ ಅಂಕದಲ್ಲಿ ಕೆಣಕುವವನೇ ಕೊಳ್ಳುವವನಾದ. 2018ರಲ್ಲಿ ಟಿ–ಮೊಬೈಲ್, ಸ್ಪ್ರಿಂಟ್ ಅನ್ನು ಕೊಳ್ಳಲು ಹೊರಟಿತು. ಆಗ ದೂರಸಂಪರ್ಕ ಆಯೋಗದ ಅಧ್ಯಕ್ಷರಾಗಿದ್ದವರು ಕೊಂಕಣಿ ಮೂಲದ ದಂಪತಿಯ ಮಗ ಅಜಿತ್ ಪೈ. ಅವರು ಒಪ್ಪಿದರು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳು ಕೋರ್ಟಿಗೆ ಹೋಗಿ ಸೋತವು. 2020ರ ಏಪ್ರಿಲ್ 1ರಂದು ವಿಲೀನ ಮುಗಿಯಿತು. ಮೂರು ವರ್ಷ ದರ ಏರಿಸುವುದಿಲ್ಲ ಎಂದು ಕಂಪನಿ ಮಾತು ಕೊಟ್ಟಿತ್ತು. ಸ್ಪ್ರಿಂಟ್ ಹೋದ ಜಾಗಕ್ಕೆ ಡಿಶ್ ಎಂಬ ಕಂಪನಿಯನ್ನು ನಾಲ್ಕನೆಯವನಾಗಿ ನಿಲ್ಲಿಸುವ ಏರ್ಪಾಡೂ ಆಗಿತ್ತು. ಮೂರು ವರ್ಷ ಮುಗಿಯಿತು, 2024ರಲ್ಲಿ ಹಳೇ ಪ್ಲಾನುಗಳ ದರ ಏರಿತು. ಡಿಶ್‌ನ ಒಡೆಯ ಎಕೋಸ್ಟಾರ್ 2025ರ ಆಗಸ್ಟ್‌ನಲ್ಲಿ ತನ್ನ ಸ್ಪೆಕ್ಟ್ರಂನ ದೊಡ್ಡ ಪಾಲನ್ನು 2,300 ಕೋಟಿ ಡಾಲರಿಗೆ ಮಾರಲು ಒಪ್ಪಿತು. ಕೊಳ್ಳುವವರು ಯಾರೆಂದರೆ ಎಟಿ ಅಂಡ್ ಟಿ! ಕೋರ್ಟಿನ ಕಾಗದದಲ್ಲಿ ನಿಲ್ಲಿಸಿದ ನಾಲ್ಕನೆಯವನು ನೆಲದ ಮೇಲೆ ನಿಲ್ಲಲಿಲ್ಲ.

ನಮ್ಮಲ್ಲೂ ತಡೆಗೋಡೆ ಇಲ್ಲವೆಂದಲ್ಲ. 2014ರ ವಿಲೀನ ಮಾರ್ಗಸೂಚಿ ಪ್ರಕಾರ ಒಂದು ಸರ್ಕಲ್‌ನಲ್ಲಿ ಒಟ್ಟಾದ ಕಂಪನಿಯ ಮಾರುಕಟ್ಟೆ ಪಾಲು ಶೇ 50 ಮೀರಿದರೆ ಒಂದು ವರ್ಷದೊಳಗೆ ಅದನ್ನು ಇಳಿಸಿಕೊಳ್ಳಬೇಕು. ಸ್ಪೆಕ್ಟ್ರಂಗೂ ಮಿತಿ ಇದೆ. ಸ್ಪರ್ಧಾ ಆಯೋಗವೂ ನೋಡುತ್ತದೆ. ಇವೆಲ್ಲ ಮದುವೆಯ ದಿನ ಹುಡುಗನ ತೂಕ ಅಳೆಯುವ ನಿಯಮಗಳು. ಆಮೇಲೆ ಉಳಿದ ಕಂಪನಿಗಳೆಲ್ಲ ಕೆಲವೇ ದಿನಗಳ ಅಂತರದಲ್ಲಿ ಹತ್ತಿರಹತ್ತಿರ ಒಂದೇ ಪ್ರಮಾಣದಲ್ಲಿ ದರ ಏರಿಸಿದರೆ, ಅದನ್ನು ತಡೆಯುವ ನಿಯಮ ಯಾವುದೂ ಇಲ್ಲ. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ, ಮೂರೂ ಸಲ ಹಾಗೆಯೇ ಆಯಿತು. ದರಗಳನ್ನು ಮಾರುಕಟ್ಟೆಗೇ ಬಿಟ್ಟಿದ್ದೇವೆ ಎನ್ನುತ್ತದೆ ಸರ್ಕಾರ. ಅದೇ ಸರ್ಕಾರ ಈಗ ಆ ಕಂಪನಿಗಳಲ್ಲೊಂದರ ಸುಮಾರು ಅರ್ಧದ ಪಾಲುದಾರ. ಬಿಎಸ್ಸೆನ್ನೆಲ್ ಅಂತೂ ಪೂರ್ತಿ ಅದರದೇ.

ಈ ಏರಿಕೆ ಎಲ್ಲರನ್ನೂ ಒಂದೇ ತೂಕದಲ್ಲಿ ತಟ್ಟಲಿಲ್ಲ. ದಿನಕ್ಕೆರಡು ಜಿಬಿ ಸಿನಿಮಾ, ರೀಲ್ಸ್ ನೋಡುವವನಿಗೆ ಇವತ್ತಿಗೂ ದರ ಅಗ್ಗವೇ. ಒಂದು ಜಿಬಿಗೆ ಇನ್ನೂರು ಮುನ್ನೂರು ರೂಪಾಯಿ ತೆತ್ತ ಕಾಲ ನೆನೆದರೆ ಅವನು ಜಿಯೋಗೆ ಕೈಮುಗಿಯಬೇಕು. ಪೆಟ್ಟು ಬಿದ್ದದ್ದು ಬಟನ್ ಫೋನಿನವರಿಗೆ. 2006ರಲ್ಲಿ 999 ರೂಪಾಯಿ ಕಟ್ಟಿಸಿಕೊಂಡು ‘ಲೈಫ್‌ಟೈಮ್’ ಇನ್‌ಕಮಿಂಗ್ ಎಂದು ಮಾರಿದ್ದರು. 2018ರ ನವೆಂಬರ್‌ನಲ್ಲಿ ದೊಡ್ಡ ಕಂಪನಿಗಳು ಆ ಲೈಫ್‌ಟೈಮ್‌ಗೆ ತೆರೆ ಎಳೆದವು. ಇನ್‌ಕಮಿಂಗ್ ಬೇಕಿದ್ದರೂ 28 ದಿನಕ್ಕೊಮ್ಮೆ 35 ರೂಪಾಯಿ ಹಾಕಿಸಬೇಕು ಎಂದರು. ಏರ್‌ಟೆಲ್‌ನ ಕನಿಷ್ಠ ಪ್ಯಾಕ್ ಮುಂದೆ ಏರಿದ ಮೆಟ್ಟಿಲು ನೋಡಿ: 2021ರ ಜುಲೈನಲ್ಲಿ 49 ತೆಗೆದು 79, ಅದೇ ನವೆಂಬರ್‌ನಲ್ಲಿ 99, 2023ರ ಹೊತ್ತಿಗೆ 155, 2024ರ ಜುಲೈನಲ್ಲಿ 199. ನಡುವೆ ಅನಿಯಮಿತ ಕರೆ, ಒಂದಿಷ್ಟು ಡೇಟಾ ಸೇರಿಸಿದರು, ನಿಜ. ಆದರೆ ಆ ಡೇಟಾವನ್ನು ಬಟನ್ ಫೋನಿಗೆ ಎಲ್ಲಿಂದ ಸುರಿಯುವುದು? 28 ದಿನದ ತಿಂಗಳೆಂದರೆ ವರ್ಷಕ್ಕೆ ಹದಿಮೂರು ರೀಚಾರ್ಜು ಬೇರೆ.

ರೀಚಾರ್ಜ್ ಗೂಡಂಗಡಿಯ ಮುಂದೆ ಕಾಲು ಗಂಟೆ ನಿಂತರೆ ಇದು ಅರ್ಥವಾಗುತ್ತದೆ. ಹತ್ತರ, ಇಪ್ಪತ್ತರ ಸ್ಕ್ರ್ಯಾಚ್ ಕಾರ್ಡು ತೂಗುಹಾಕುತ್ತಿದ್ದ ದಾರ ಈಗ ಶಾಂಪೂ ಸ್ಯಾಚೆಟ್ಟಿಗೆ. ಸೆರಗಿನ ತುದಿ ಬಿಚ್ಚಿ ಐವತ್ತು ರೂಪಾಯಿ ಮುಂದೆ ಹಿಡಿದು ‘ಮಗ ಫೋನ್ ಮಾಡ್ತಾನೆ, ಬರೋ ಹಂಗೆ ಮಾಡಪ್ಪ ಸಾಕು’ ಎನ್ನುವ ಅಜ್ಜಿಗೆ ಅಂಗಡಿಯವನು ಆ ಪ್ಯಾಕ್ ಈಗಿಲ್ಲ ಎಂದು ದಿನಕ್ಕೆಷ್ಟು ಸಲ ಹೇಳಬೇಕು? 2024ರ ಏರಿಕೆಯ ನಂತರ ಕೆಲವು ತಿಂಗಳು ಜನ ಬಿಎಸ್ಸೆನ್ನೆಲ್ ಕಡೆ ಹೊರಳಿದ್ದು ಈ ಲೆಕ್ಕಕ್ಕೇ. ಬಂದವರಲ್ಲಿ ಎಷ್ಟೋ ಮಂದಿ ಟವರ್ ಸಿಗದೆ ಗೊಣಗಿದ್ದೂ ಅಷ್ಟೇ ನಿಜ. ಸ್ವದೇಶಿ 4ಜಿಯನ್ನು ಬಿಎಸ್ಸೆನ್ನೆಲ್ ಅಧಿಕೃತವಾಗಿ ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಉಳಿದವರು 5ಜಿಗೆ ಮೂರು ವರ್ಷ ತುಂಬಿಸುತ್ತಿದ್ದರು.

ನಾಳೆ ಮತ್ತೊಂದು ಸ್ವಾಧೀನದ ಸುದ್ದಿ ಬಂದರೆ ಪತ್ರಿಕೆಯ ತಲೆಬರಹ ಎಷ್ಟು ಸಾವಿರ ಕೋಟಿ ಎಂಬುದಾಗಿರುತ್ತದೆ. ಗ್ರಾಹಕರು ಹುಡುಕಬೇಕಾದ ಅಂಕಿ ಬೇರೆ: ಇದಾದ ಮೇಲೆ ನನ್ನೂರಿನಲ್ಲಿ ಟವರ್ ಇರುವ ಕಂಪನಿಗಳು ಎಷ್ಟು ಉಳಿಯುತ್ತವೆ? ಬೆಂಗಳೂರಿನ ಲೆಕ್ಕ ಹೊಸನಗರಕ್ಕೆ ಹೊಂದುವುದಿಲ್ಲ. ರಾಜಧಾನಿಯಲ್ಲಿ ನಾಲ್ಕು ಉಳಿದರೂ ಶರಾವತಿ ಹಿನ್ನೀರಿನ ಊರಿಗೆ ಉಳಿಯುವುದು ಒಂದೋ ಎರಡೋ. ಮಾರಾಟವಾಗುವ ಕಂಪನಿ ಗಟ್ಟಿಯಾಗಿದೆಯೋ ಕುಸಿಯುತ್ತಿದೆಯೋ ಎಂಬುದೂ ಮುಖ್ಯ. ಕುಸಿಯುತ್ತಿದ್ದರೆ ಒಪ್ಪಂದ ಮುರಿಯುವವರೆಗೆ ಕಾಯದೆ, ನೆಟ್‌ವರ್ಕ್ ಇರುವಾಗಲೇ 1900ಕ್ಕೆ ಎಸ್ಸೆಮ್ಮೆಸ್ ಹಾಕುವುದು ಜಾಣತನ. ನಿಯಮದ ಪ್ರಕಾರ ಒಂದೇ ಸರ್ಕಲ್‌ನೊಳಗಿನ ಪೋರ್ಟ್ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕು.

ಬಟನ್ ಫೋನಿನವರ ದೂರು ಮಾತ್ರ ಕೊನೆಗೂ ಒಂದು ಕಚೇರಿ ತಲುಪಿತು. ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಮಾಡಿತು. ಮುಂದಿನ ತಿಂಗಳೇ ಕಂಪನಿಗಳು ಪ್ಯಾಕ್ ತಂದವು. 84 ದಿನಕ್ಕೆ ಏರ್‌ಟೆಲ್ 499 ಎಂದು ಬರೆಯಿತು, ಟ್ರಾಯ್ ಕಣ್ಣು ಹಾಯಿಸುತ್ತದೆಂದು ಗೊತ್ತಾದ ಮೇಲೆ ಅದು 469 ಆಯಿತು. ಜಿಯೋ 458 ಎಂದದ್ದು 448ಕ್ಕೆ ಇಳಿಯಿತು. ವಿ ಕೇಳಿದ್ದು 470.